ಮೂವತ್ತೊಂದು ಅಚ್ಚುಗಳಲ್ಲಿ ಬದಲಾದ ಮುಖ

ರೋಮಿನ ಕೇಲಿಯನ್ ಗುಡ್ಡದ ಟಂಕಸಾಲೆಯಲ್ಲಿ ಸುತ್ತಿಗೆಗಳ ಸದ್ದು ಇನ್ನೂ ಶುರುವಾಗಿಲ್ಲ. ಪೂರ್ವದ ಕಿಟಕಿಯ ಕೆಳಗೆ ಎಪಾಫ್ರ ಒಬ್ಬನೇ ಕೂತು, ಹೆಬ್ಬೆರಳಗಲದ ಕಂಚಿನ ಅಚ್ಚಿನಲ್ಲಿ ಚಕ್ರವರ್ತಿಯ ಎಲೆಕಿರೀಟ ಕೊರೆಯುತ್ತಿದ್ದಾನೆ. ನಾಣ್ಯದ ಮೇಲೆ ಸರಿಯಾಗಿ ಮೂಡಲು ಅಚ್ಚಿನಲ್ಲಿ ಎಡವೆಲ್ಲ ಬಲ, ಉಬ್ಬೆಲ್ಲ ತಗ್ಗು. "ಬೆಳಗಿನ ಬಿಸಿಲು ಓರೆಯಾಗಿ ಬೀಳತ್ತೆ, ತಗ್ಗು ಎಷ್ಟಿದೆ ಅಂತ ಗೊತ್ತಾಗತ್ತೆ. ಮಧ್ಯಾಹ್ನದ ಬೆಳಕು ಸುಳ್ಳು ಹೇಳತ್ತೆ," ಎನ್ನುತ್ತಾನೆ, ತಲೆ ಎತ್ತದೆ.

ಎಫೆಸಸ್ಸಿನ ಗುಲಾಮರ ಸಂತೆಯಲ್ಲಿ ಒಂಬತ್ತನೇ ವಯಸ್ಸಿಗೆ ಮಾರಾಟವಾಗಿ ಬಂದವನು. ದಾಸ್ಯ ಕಳೆದು ಹನ್ನೊಂದು ವರ್ಷವಾದರೂ ಕೆಲಸ ಅದೇ, ಕೂರುವ ಮಣೆಯೂ ಅದೇ. ಬಲಗಣ್ಣು ಮಂಜಾಗಿದೆ. ಒಂದು ಮುಖಕ್ಕೆ ಎರಡು ದಿನ ಬೇಕು. ನಾಣ್ಯದ ಹಿಂಬದಿಯ ಅಚ್ಚು ಸುತ್ತಿಗೆಯ ಏಟಿಗೆ ಬೇಗ ಸೀಳಿಹೋಗುವುದರಿಂದ, ರೆಕ್ಕೆಯ ವಿಜಯದೇವಿಯನ್ನೂ ಒಂದನ್ನೊಂದು ಹಿಡಿದ ಎರಡು ಕೈಗಳನ್ನೂ ಎಷ್ಟು ಸಲ ಕೆತ್ತಿದ್ದಾನೋ ಅವನಿಗೇ ನೆನಪಿಲ್ಲ. "ಆ ಕೈ ಅಂದ್ರೆ ಸೈನ್ಯ ನಮ್ಮ ಜೊತೆ ಇದೆ ಅಂತ. ಇಲ್ಲದಾಗಲೇ ಅದನ್ನ ಜಾಸ್ತಿ ಕೆತ್ತಿಸ್ತಾರೆ."

ಕಳೆದ ವರ್ಷ ಹಳೆಯ ಚಕ್ರವರ್ತಿ ಸತ್ತ. ಹೊಸಬ ರೈನ್ ನದಿಯಾಚೆಯ ಪಾಳೆಯದಲ್ಲಿದ್ದ. ಅವನ ಮುಖವನ್ನು ಇಲ್ಲಿ ಯಾರೂ ಕಂಡಿರಲಿಲ್ಲ. ಸೈನಿಕರಿಗೆ ಹತ್ತೇ ದಿನದಲ್ಲಿ ಬೆಳ್ಳಿ ನಾಣ್ಯ ಹೊರಡಬೇಕು. "ಹಳಬನ ಮುಖಾನೇ ಕೆತ್ತು, ಹೆಸರು ಮಾತ್ರ ಬದಲಾಯ್ಸು," ಎಂದ ಮೇಲ್ವಿಚಾರಕ ವಿಟಾಲಿಸ್. ಎಪಾಫ್ರ ಹಾಗೇ ಮಾಡಿದ.

ಚಳಿಗಾಲ ಕಳೆದು ಚಕ್ರವರ್ತಿ ನಗರಕ್ಕೆ ಬಂದ ದಿನ ಎಪಾಫ್ರನೂ ಜನರ ನಡುವೆ ನಿಂತು ನೋಡಿದ. ಮೊಂಡು ಮೂಗು, ಅಗಲ ದವಡೆ. ನಾಣ್ಯದ ಮೇಲಿನ ಕೊಕ್ಕೆಮೂಗಿನವನಿಗೂ ಇವನಿಗೂ ಸಂಬಂಧವೇ ಇಲ್ಲ. ಪಕ್ಕದಲ್ಲಿದ್ದ ಮೀನು ಮಾರುವ ಹೆಂಗಸು ತನ್ನ ಅಂಗೈಯಲ್ಲಿದ್ದ ನಾಣ್ಯ ನೋಡಿಕೊಂಡು, "ಹಾಗಾದ್ರೆ ಇವನ್ಯಾರಪ್ಪ?" ಎಂದಳು. ಎಪಾಫ್ರ ತಲೆ ತಗ್ಗಿಸಿ ಗುಂಪಿನಿಂದ ಹೊರಬಿದ್ದ.

ಮರುದಿನ ವಿಟಾಲಿಸ್ ಬಾಗಿಲು ಮುಚ್ಚಿ ಮಾತಾಡಿದ. "ಒಮ್ಮೆಗೇ ಮುಖ ಬದಲಾದ್ರೆ ಹಳೇ ನಾಣ್ಯ ಖೋಟಾ ಅಂತಾರೆ. ಬದಲಾಗದಿದ್ರೆ ನಮ್ಮ ತಲೆ ಹೋಗತ್ತೆ. ಏನ್ ಮಾಡ್ತೀಯೋ?"

"ಸ್ವಲ್ಪಸ್ವಲ್ಪ ಮಾಡ್ತೀನಿ ಸ್ವಾಮಿ."

ಒಂದು ಅಚ್ಚಿನಲ್ಲಿ ಮೂಗು ಕೂದಲೆಳೆಯಷ್ಟು ಕುಗ್ಗಿತು. ಮುಂದಿನದರಲ್ಲಿ ದವಡೆ ಒಂದಿಷ್ಟು ತುಂಬಿತು. ಮೂವತ್ತೊಂದನೆಯ ಅಚ್ಚಿಗೆ ಸತ್ತವನ ಗುರುತು ಪೂರ್ತಿ ಅಳಿದು, ಬದುಕಿರುವವನು ಕೂತಿದ್ದ. ಅರಮನೆಯಿಂದ ಒಂದು ಪ್ರಶ್ನೆಯೂ ಬರಲಿಲ್ಲ, ಮೆಚ್ಚುಗೆಯೂ ಬರಲಿಲ್ಲ.

ಸಿಕ್ಕಿಬೀಳುವ ಭಯವಿಲ್ಲವೇ ಎಂದರೆ ಎಪಾಫ್ರ ಉಳಿಯ ಮೊನೆ ಒರೆಸುತ್ತಾ ನಗುತ್ತಾನೆ. "ಮೊದಲನೇದನ್ನೂ ಕೊನೇದನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಗೊತ್ತಾಗ್ಬಹುದು. ಆದ್ರೆ ಕೈಗೆ ಬಂದ ನಾಣ್ಯಾನ ಯಾರು ಹಾಗೆ ಇಟ್ಕೊಂಡು ನೋಡ್ತಾರೆ? ಅದನ್ನ ಕೊಟ್ಟು ರೊಟ್ಟಿ ತರ್ತಾರೆ."