ಪರದೆಯ ಮೇಲೆ ಚೆಲ್ಲಿದ ಎಳ್ಳು

"ಏನ್ರಿ ಇದು, ಎಳ್ಳು ಚೆಲ್ಲಿದಂಗೈತೆ?"

ಊಟಕ್ಕೆ ಕರೆಯಲು ಬಂದ ಲಕ್ಷ್ಮೀದೇವಿ ಗಂಡನ ಹೆಗಲ ಮೇಲಿಂದ ಕಂಪ್ಯೂಟರ್ ಪರದೆಯನ್ನು ಇಣುಕಿ ಕೇಳಿದ್ದು ಇಷ್ಟೇ. ಜಯದೇವಪ್ಪ ಮಾತ್ರ ಸಿಡಿಲು ಬಡಿದವನ ಹಾಗೆ ಕೂತುಬಿಟ್ಟ.

"ನಿನಗೂ ಕಾಣ್ತೈತಾ?"

"ಯಾಕೆ, ನನಗೇನು ಕಣ್ಣಿಲ್ವಾ? ಗಿಣಿ ಮೈಮೇಲೆಲ್ಲಾ ಕರಿ ಚುಕ್ಕಿ. ಏಳ್ರಿ, ಮುದ್ದೆ ಆರಿಹೋಗ್ತೈತೆ."

ಅವಳು ಒಳಗೆ ಹೋದಳು. ಇವನು ಮೌಸ್ ಬಿಟ್ಟು ಪರದೆಯತ್ತ ಬಗ್ಗಿದ. ಒಂದೂವರೆ ತಿಂಗಳಿಂದ ಆ ಚುಕ್ಕಿಗಳು ತನ್ನ ಕಣ್ಣೊಳಗೇ ಇವೆ ಎಂದು ನಂಬಿ, ಹೆಂಡತಿಗೂ ಹೇಳದೆ, ಮೆಡಿಕಲ್ ಶಾಪಿನಿಂದ ಕಣ್ಣಿಗೆ ಬಿಡುವ ಹನಿ ತಂದು, ಬಚ್ಚಲುಮನೆಯಲ್ಲಿ ಕದ್ದು ಬಿಟ್ಟುಕೊಳ್ಳುತ್ತಿದ್ದವನು ಅವನು. ಈಗ ನೋಡಿದರೆ ಅವು ಹೆಂಡತಿಗೂ ಕಾಣುತ್ತಿವೆ. ಇವಳಿಗೂ ಪೊರೆ ಬಂದಿರಬೇಕು ಎಂಬ ಯೋಚನೆ ಒಂದು ಗಳಿಗೆ ಬಂದುಹೋಯಿತು ಎಂದರೆ ಅವನ ಹೆದರಿಕೆ ಎಷ್ಟು ಬೇರು ಬಿಟ್ಟಿತ್ತು ಎಂದು ತಿಳಿಯಬಹುದು.

ಹೆದರಿಕೆಗೆ ಕಾರಣವಿತ್ತು. ಅವನ ಅವ್ವನಿಗೆ ಅರವತ್ತಕ್ಕೆಲ್ಲ ಕಣ್ಣು ಹೋಗಿತ್ತು. ಇವನಿಗೀಗ ಅರವತ್ತೆರಡು. ಕಣ್ಣು ಕಳೆದರೆ ಮೊಳಕಾಲ್ಮೂರಿನ ಗ್ರಾಫ್ ಜಯದೇವಪ್ಪನಲ್ಲಿ ಉಳಿಯುವುದು ಒಂದು ಪಂಚೆ, ಒಂದು ಶಲ್ಯ, ಒಂದಿಷ್ಟು ಮುಂಗೋಪ.

ಹದಿನಾರನೇ ವಯಸ್ಸಿಗೆ ಗ್ರಾಫ್ ಬರೆಯಲು ಕೂತವನು. ರೇಷ್ಮೆ ಸೀರೆಯ ಸೆರಗಿಗೂ ಅಂಚಿಗೂ ಬೇಕಾದ ಹೂವು, ಹಂಸ, ಮಾವಿನಕಾಯಿಗಳನ್ನೆಲ್ಲ ಚೌಕುಳಿ ಕಾಗದದ ಮೇಲೆ ಒಂದೊಂದೇ ಮನೆ ತುಂಬಿ ಬರೆಯುವುದು ಅವನ ಕಸುಬು. ಕಾಗದದಲ್ಲಿ ಒಂದು ಮನೆ ಎಂದರೆ ಮಗ್ಗದಲ್ಲಿ ಒಂದು ಎಳೆಯ ಜಾಗ. ಅವನು ಬರೆದದ್ದನ್ನು ನೋಡಿ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಯುತ್ತಾರೆ. ಆ ರಟ್ಟುಗಳು ಮಗ್ಗದ ನೆತ್ತಿಯ ಮೇಲೆ ಕೂತು ಯಾವ ಎಳೆ ಏಳಬೇಕು, ಯಾವುದು ಸುಮ್ಮನಿರಬೇಕು ಎಂದು ನಡೆಸುತ್ತವೆ. ಗ್ರಾಫಿನಲ್ಲಿ ಒಂದು ಮನೆ ತಪ್ಪಿದರೆ ಆ ತಪ್ಪು ಸೀರೆಯುದ್ದಕ್ಕೂ ಸಾಲುಗಟ್ಟಿ ನಿಂತು ಹಲ್ಲು ಕಿರಿಯುತ್ತದೆ. ಜಯದೇವಪ್ಪನದು ತಪ್ಪಿದ್ದೇ ಇಲ್ಲ. ಬಾಗಿಲಲ್ಲಿ ನಿಂತೇ ಮಗ್ಗದ ಮೇಲಿನ ಬಟ್ಟೆ ನೋಡಿ, "ಅಲ್ಲೊಂದು ಎಳೆ ಕಡಿದೈತೆ ನೋಡು" ಎನ್ನುವ ಕಣ್ಣು ಅದು. ಮದುವೆಮನೆಯಲ್ಲಿ ಅವನು ಎದುರು ಬಂದರೆ ಕೆಲವರು ಸೆರಗು ಮುದುರಿಕೊಳ್ಳುತ್ತಿದ್ದರು. ಹೊಗಳಿದ್ದಕ್ಕಿಂತ ಕೊಂಕು ತೆಗೆದದ್ದೇ ಹೆಚ್ಚು, ಪಾಪ, ಅದು ಅವನ ಹಣೆಬರಹ.

ಕಸುಬು ಕಲಿಸಿದ ಸೋಮಶೇಖರಪ್ಪನವರು ಒಂದೇ ಒಂದು ಕಟ್ಟಳೆ ಹೇಳಿಕೊಟ್ಟಿದ್ದರು. ತಪ್ಪು ಚುಕ್ಕಿ ಕಂಡರೆ ಯಾರನ್ನೂ ಕೇಳಬೇಡ, ಕಂಡ ಕೈಯಲ್ಲೇ ತಿದ್ದು. ಕಾಗದದ ಕಾಲದಲ್ಲಿ ಬ್ಲೇಡಿನಿಂದ ಕೆರೆದು ತಿದ್ದಿದ, ಕಂಪ್ಯೂಟರ್ ಬಂದ ಮೇಲೆ ಮೌಸ್ ಒತ್ತಿ ತಿದ್ದಿದ. ನೇಯುವವರ ಕಡೆಯಲ್ಲೂ ಒಂದು ಕಟ್ಟಳೆ ಇತ್ತು. ಗ್ರಾಫಿಗೆ ಎದುರು ಮಾತಿಲ್ಲ.

ಆ ಕಂಪ್ಯೂಟರ್ ಎಂಟು ವರ್ಷದ ಹಿಂದೆ ಚಳ್ಳಕೆರೆಯಿಂದ ಬಂದದ್ದು, ಸೆಕೆಂಡ್ ಹ್ಯಾಂಡ್. "ಒಳಗೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಐತೆ, ನಿಮ್ಮ ಕೆಲಸಕ್ಕೆ ಇಂಥದ್ದೇ ಬೇಕು" ಎಂದಿದ್ದ ಮಾರಿದವನು. ಏನು ಎತ್ತ ಎಂದು ತಿಳಿಯದಿದ್ದರೂ ಜಯದೇವಪ್ಪ ಗಂಭೀರವಾಗಿ ತಲೆಯಾಡಿಸಿದ್ದ. ಲಕ್ಷ್ಮೀದೇವಿ ಮಾತ್ರ ಕಂಪ್ಯೂಟರಿನ ಪೆಟ್ಟಿಗೆಗೆ ತನ್ನ ಮರ್ಯಾದೆ ಸಲ್ಲಿಸುವುದನ್ನು ಬಿಡಲಿಲ್ಲ. ಸೋಮವಾರ ಸೋಮವಾರ ಅದರ ಮುಖಕ್ಕೂ ಪಕ್ಕೆಗೂ ಮೂರು ಬೆರಳು ವಿಭೂತಿ, ಎರಡು ಊದುಬತ್ತಿ. ಅನ್ನ ಕೊಡುವ ಯಂತ್ರ, ಬರಿ ಹಣೆಯಲ್ಲಿ ಇರಬಾರದು ಎಂದು ಅವಳ ವಾದ.

ಹೋದ ಆಷಾಢದಲ್ಲಿ ಚಳ್ಳಕೆರೆಯ ಒಂದು ಮದುವೆಗೆ ಗಿಣಿ ಸೆರಗಿನ ಸೀರೆ ಬೇಕೆಂದು ಕೇಳಿಕೆ ಬಂತು. ನೇಯುವವಳು ಯರ್ರಮ್ಮ, ಮೂರು ಕೇರಿ ಆಚೆಯವಳು, ಜಯದೇವಪ್ಪನ ಗ್ರಾಫಿಗೆ ಮೂವತ್ತು ವರ್ಷದಿಂದ ಮಗ್ಗ ಹೂಡಿದವಳು. ಅವನು ಒಂದು ಗಿಣಿ ಬರೆದರೆ ಸಾಕು, ಕಂಪ್ಯೂಟರೇ ಅದನ್ನು ಸಾಲಿಗೆ ಹನ್ನೆರಡರಂತೆ ಎಂಟು ಸಾಲು ಮಾಡುತ್ತಿತ್ತು. ಗ್ರಾಫಿನಲ್ಲಿ ಗಿಣಿಯ ಮೈ ಕೆಂಪು, ಎಂದರೆ ಅಲ್ಲೆಲ್ಲ ಜರಿ, ಕಣ್ಣಿಗೆ ಒಂದೇ ಒಂದು ಕರಿ ಮನೆ. ಅಷ್ಟು ಜಾಗದಲ್ಲಿ ಜರಿ ಕೆಳಗಿಳಿದು ರೇಷ್ಮೆಯ ಬಣ್ಣ ಕಾಣಬೇಕು.

ಆ ಗಿಣಿ ಮುಗಿಯುವ ಹೊತ್ತಿಗೇ ಕರಿ ಚುಕ್ಕಿಗಳು ಶುರುವಾದವು. ಮೊದಮೊದಲು ತನ್ನ ಕೈ ಜಾರಿದ್ದೆಂದು ಒಂದೊಂದನ್ನೂ ಒತ್ತಿ ಕೆಂಪು ತುಂಬಿದ. ಕೆಲವು ಹೋದವು, ಕೆಲವು ಬೇರೆ ಕಡೆ ಎದ್ದವು. ಅಂತೂ ಗಿಣಿ ಮುಗಿಸಿ ರಟ್ಟು ಹೊಡೆಯಲು ಕೊಟ್ಟ. ಆಮೇಲೂ ದಿನಾ ಬೆಳಿಗ್ಗೆ ಪರದೆ ಶುಭ್ರ, ಮಧ್ಯಾಹ್ನಕ್ಕೆ ಚುಕ್ಕಿ. ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ, ಮನುಷ್ಯನ ಕಣ್ಣು ದಣಿಯುತ್ತದೆ. ಹೀಗೆ ತಾನೇ ತೀರ್ಮಾನ ಮಾಡಿ ತಾನೇ ಹನಿ ಬಿಟ್ಟುಕೊಂಡ.

ಲಕ್ಷ್ಮೀದೇವಿ ಎಳ್ಳು ಕಂಡ ಮರುದಿನ ಬೆಳಗಿನ ಬಸ್ಸಿಗೇ ಪೆಟ್ಟಿಗೆಯನ್ನು ಹಳೇ ದುಪ್ಪಟಿಯಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಚಳ್ಳಕೆರೆಗೆ ಹೊರಟ. ದಾರಿಯುದ್ದಕ್ಕೂ ಒಂದೇ ಹರಕೆ. ಕೆಟ್ಟದ್ದು ಇದಾಗಿರಲಪ್ಪ, ನಾನಾಗದಿರಲಿ.

ಬಸ್ ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ತ್ರಿವೇಣಿಯ ರಿಪೇರಿ ಅಂಗಡಿ. ನಲವತ್ತರ ಹೆಂಗಸು, ಮಾತು ಚುರುಕು, ಕೈ ಅದಕ್ಕಿಂತ ಚುರುಕು. ಅವಳು ತನ್ನ ಪರದೆಗೆ ಪೆಟ್ಟಿಗೆಯನ್ನು ಜೋಡಿಸಿ ಶುರು ಮಾಡಿದಳು. ಗಿಣಿಗಳು ಬಂದವು, ಚುಕ್ಕಿ ಒಂದೂ ಇಲ್ಲ. ಹಾಗಾದರೆ ಕೆಟ್ಟದ್ದು ತಾನೇ ಎಂದುಕೊಂಡ ಜಯದೇವಪ್ಪ.

"ಹಲ್ಲುನೋವು ಡಾಕ್ಟ್ರ ಮನೆ ಬಾಗಿಲಿಗೆ ಬಂದ್ರೆ ನಿಂತುಬಿಡ್ತೈತಲ್ಲ, ಹಂಗೆ ಇದು. ಕೂತ್ಕೊಳ್ರಿ ಯಜಮಾನ್ರೇ, ಬಿಸಿ ಆಗ್ಲಿ" ಎಂದಳು ಅವಳು.

ಮುಕ್ಕಾಲು ಗಂಟೆ. ಟೀ ಬಂತು, ತಣ್ಣಗಾಯಿತು. ಆಮೇಲೆ ಗಿಣಿಯ ಬಾಲದ ಹತ್ತಿರ ಒಂದು ಚುಕ್ಕಿ, ರೆಕ್ಕೆಯ ಮೇಲೆ ನಾಲ್ಕು, ನೋಡನೋಡುತ್ತ ಒಂದು ಹಿಡಿ. ತ್ರಿವೇಣಿ ಮೊಬೈಲ್ ತೆಗೆದು ಪರದೆಯ ಫೋಟೋ ಹಿಡಿದು ಅವನ ಮುಂದೆ ಒಡ್ಡಿದಳು. ಫೋಟೋದಲ್ಲೂ ಚುಕ್ಕಿ.

"ನೋಡ್ರಿ. ನನ್ನ ಫೋನಿಗೂ ಪೊರೆ ಬಂದೈತಾ?"

ಜಯದೇವಪ್ಪನಿಗೆ ಅಳು ಬಂತು. ಅಂಗಡಿಯಲ್ಲಿ ಇನ್ನಿಬ್ಬರಿದ್ದರು, ಶಲ್ಯದಿಂದ ಮೂಗು ಒರೆಸಿಕೊಳ್ಳುವ ನೆಪ ಮಾಡಿದ.

ತ್ರಿವೇಣಿ ಅಷ್ಟಕ್ಕೆ ಬಿಡಲಿಲ್ಲ. ಚಿತ್ರವನ್ನು ಮೌಸಿನಿಂದ ಪಕ್ಕಕ್ಕೆ ಸರಿಸಿದಳು. ಗಿಣಿ ಸರಿಯಿತು, ಚುಕ್ಕಿಗಳು ಇದ್ದಲ್ಲೇ ನಿಂತವು. "ಬಟ್ಟೆ ಮೇಲಿನ ಕಲೆ ಆಗಿದ್ರೆ ಬಟ್ಟೆ ಜತೆ ಹೋಗ್ಬೇಕಿತ್ತು. ಹೋಗ್ಲಿಲ್ಲ. ಅಂದ್ರೆ ನಿಮ್ಮ ಗ್ರಾಫಲ್ಲಿ ಕಲೆ ಇಲ್ಲ. ಇದು ನಂದೇ ಪರದೆ, ಇದ್ರಲ್ಲೂ ಕಲೆ ಇಲ್ಲ. ನಡುವೆ ಇರೋದು ಇನ್ನೊಂದೇ." ಪೆಟ್ಟಿಗೆ ಆರಿಸಿ ಪಕ್ಕೆಯ ತಗಡು ಬಿಚ್ಚಿದವಳು ಹೌಹಾರಿದಳು. "ಅಯ್ಯೋ ಶಿವನೇ! ಏನ್ರಿ ಇದು, ಒಳಗೆ ಮಠ ಮಾಡಿದ್ದೀರಲ್ಲ!"

ಗ್ರಾಫಿಕ್ಸ್ ಕಾರ್ಡಿನ ಪುಟ್ಟ ಫ್ಯಾನು ಕಾಣುತ್ತಲೇ ಇರಲಿಲ್ಲ. ಕೇರಿಯ ಮಗ್ಗಗಳಿಂದ ಹಾರಿ ಬಂದ ರೇಷ್ಮೆಯ ಜುಂಗು ಅದಕ್ಕೆ ಸುತ್ತಿಕೊಂಡು, ಅದರ ಮೇಲೆ ಎಂಟು ವರ್ಷದ ಸೋಮವಾರಗಳ ವಿಭೂತಿ ಕೂತು, ಫ್ಯಾನು ಒಂದು ಬೆಳ್ಳನೆಯ ಮುದ್ದೆಯಾಗಿತ್ತು. ಬೆರಳಲ್ಲಿ ತಿರುಗಿಸಿದರೂ ತಿರುಗಲಿಲ್ಲ. ತಂಪು ಸಿಗದೆ ಕಾರ್ಡು ದಿನಾ ಮಧ್ಯಾಹ್ನ ಕುದಿದು ಕುದಿದು ಬೆಂದುಹೋಗಿತ್ತು. ತ್ರಿವೇಣಿ ಬ್ರಷ್ಷಿನಿಂದ ಗುಡಿಸಿ, ಊದಿ, ಮತ್ತೆ ಹಾಕಿ ನೋಡಿದಳು. ಅರ್ಧ ಗಂಟೆಗೆ ಚುಕ್ಕಿ ಮತ್ತೆ ಬಂತು. ಕಾರ್ಡು ಪೂರ್ತಿ ತೆಗೆದಿಟ್ಟು, ವೈರನ್ನು ಕಂಪ್ಯೂಟರಿನ ಸ್ವಂತ ಕಿಂಡಿಗೆ ಸಿಕ್ಕಿಸಿದಳು. ಒಂದು ಗಂಟೆ ಕಾದರೂ ಪರದೆ ಕನ್ನಡಿಯ ಹಾಗಿತ್ತು.

"ತೀರ್ಮಾನ ಆಯ್ತು. ಕಾರ್ಡೇ ಹೋಗಿರೋದು. ಇದು ಆಟ ಆಡೋರಿಗೆ ಬೇಕಾಗಿದ್ದು, ಸೀರೆ ಬರೆಯೋಕೆ ಇದ್ರ ಹಂಗೇ ಬ್ಯಾಡ. ಹಿಂಗೇ ತಗೊಂಡೋಗ್ರಿ. ಅಮ್ಮನೋರಿಗೆ ಹೇಳ್ರಿ, ವಿಭೂತಿ ಗೋಡೆಗೆ ಹಚ್ಚಲಿ."

ಜಯದೇವಪ್ಪ ನಕ್ಕ. ಒಂದೂವರೆ ತಿಂಗಳಲ್ಲಿ ಅದೇ ಮೊದಲ ನಗು. ನಗುತ್ತಲೇ ಶುಭ್ರವಾದ ಪರದೆಯ ಮೇಲಿನ ತನ್ನ ಗಿಣಿಯನ್ನು ಕಣ್ತುಂಬ ನೋಡಿದ. ನಗು ಅರ್ಧಕ್ಕೆ ನಿಂತಿತು.

ಗಿಣಿಗೆ ಕಣ್ಣಿರಲಿಲ್ಲ.

ಕೊಕ್ಕು ಇದೆ, ಕೊರಳ ಪಟ್ಟಿ ಇದೆ, ತಲೆ ಇಡೀ ಕೆಂಪು. ಕರಿ ಮನೆ ಇಲ್ಲ. ಮುಂದಿನ ಗಿಣಿ ನೋಡಿದ, ಅದಕ್ಕೂ ಇಲ್ಲ. ಎಂಟು ಸಾಲಿನ ತೊಂಬತ್ತಾರು ಗಿಣಿಗೂ ಇಲ್ಲ. ಗಿಣಿ ಬರೆದು ಮುಗಿಸಿದ ದಿನ ಕಣ್ಣೆದುರು ಬಂತು. ಗಿಣಿಯ ತಲೆಯಲ್ಲಿ ಪಕ್ಕಪಕ್ಕ ಎರಡು ಕರಿ ಚುಕ್ಕಿ ಇದ್ದವು. ಒಂದು ಕಣ್ಣು, ಒಂದು ತಪ್ಪು ಎಂದುಕೊಂಡು, ಯಾರನ್ನೂ ಕೇಳದೆ, ಕಂಡ ಕೈಯಲ್ಲೇ ಒಂದನ್ನು ಅಳಿಸಿದ್ದ. ಉಳಿಸಿಕೊಂಡದ್ದು ಯಂತ್ರದ ಸುಳ್ಳು ಚುಕ್ಕಿಯನ್ನು. ಅಳಿಸಿದ್ದು ಕಣ್ಣನ್ನು.

"ಯಜಮಾನ್ರೇ, ಯಾಕ್ರಿ? ನೀರು ಕುಡೀತೀರಾ?"

ಅವನು ಬೆರಳು ಮಡಚಿ ದಿನ ಎಣಿಸುತ್ತಿದ್ದ. ರಟ್ಟು ಯರ್ರಮ್ಮನ ಮನೆ ಸೇರಿ ಹನ್ನೆರಡು ದಿನವಾಗಿತ್ತು. ಇಷ್ಟರಲ್ಲಿ ಕುರುಡು ಗಿಣಿಗಳು ಸಾಲುಸಾಲಾಗಿ ರೇಷ್ಮೆಯ ಮೇಲೆ ಇಳಿದಿರುತ್ತವೆ. ಮದುವೆಯ ಸೀರೆ. ನಲವತ್ತಾರು ವರ್ಷದ ಹೆಸರು. ಫೋನಿನಲ್ಲಿ ಹೇಳುವ ಮಾತಲ್ಲ ಎಂದು ಬಸ್ ಹತ್ತಿದ. ಬರುವಾಗ ಹೊತ್ತ ಹರಕೆ ಫಲಿಸಿತ್ತು, ಕೆಟ್ಟದ್ದು ಯಂತ್ರವೇ. ಆದರೆ ಅಳಿಸಿದ ಬೆರಳು ಯಂತ್ರದ್ದಲ್ಲವಲ್ಲ ಎಂಬ ಮಾತು ಮೊಳಕಾಲ್ಮೂರು ಬರುವ ತನಕ ಅವನನ್ನು ತಿಂದುಹಾಕಿತು.

ಸಂಜೆಯಿನ್ನೂ ಆಗಿರಲಿಲ್ಲ. ಯರ್ರಮ್ಮನ ಮನೆಯೊಳಗೆ ಮಗ್ಗ ಆಡುತ್ತಿತ್ತು. ಜಯದೇವಪ್ಪ ಪೆಟ್ಟಿಗೆ ಹೊತ್ತುಕೊಂಡೇ ಬಾಗಿಲಿಗೆ ಬಂದು, ಮಗ್ಗದ ಮೇಲೆ ಹಾಸಿದ್ದ ಸೆರಗನ್ನು ನೋಡಿ, ಬಾಯಿ ತೆರೆದವನು ತೆರೆದಂತೆಯೇ ನಿಂತ. ಆರು ಸಾಲು ಗಿಣಿ. ಎಲ್ಲಕ್ಕೂ ಕಣ್ಣಿತ್ತು.

ತಲೆ ಎತ್ತಿ ರಟ್ಟುಗಳನ್ನು ನೋಡಿದ. ಅವೇ ರಟ್ಟು. ಅವುಗಳಲ್ಲಿ ಕಣ್ಣು ಇರಲು ಸಾಧ್ಯವಿಲ್ಲ.

"ಯರ್ರಮ್ಮ, ಈ ಕಣ್ಣು ಎಲ್ಲಿಂದ ಬಂತು?"

ಯರ್ರಮ್ಮ ಲಾಳಿ ಬಿಟ್ಟಳು. ಕದ್ದು ಸಿಕ್ಕಿಬಿದ್ದವಳ ಮುಖ ಮಾಡಿದಳು. "ಏನಿಲ್ಲಣ್ಣಾ... ಗಿಣಿಗೆ ಕಣ್ಣಿಲ್ದೇ ಇದ್ರೆ ಚಂದ ಕಾಣಲ್ಲ ಅಂತ... ಆ ಜಾಗ ಬಂದಾಗ ಒಂದು ಎಳೆ ಬೆರಳಲ್ಲಿ ಎತ್ತಿ, ಜರಿ ಕೆಳಗೆ ಬಿಡ್ತಾ ಬಂದೆ."

"ಒಂದೊಂದಕ್ಕೂ?"

"ಊಂ."

"ನನಗ್ಯಾಕೆ ಹೇಳಲಿಲ್ಲ?"

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು, ಒರೆಸಲು ಕೈಯಲ್ಲಿ ಏನೂ ಇರಲಿಲ್ಲ. "ಹೆಂಗೆ ಹೇಳ್ಲಿ ಅಣ್ಣಾ? ನಿನ್ನ ಗ್ರಾಫಲ್ಲಿ ತಪ್ಪು ಬಂತು ಅಂದ್ರೆ ಕಣ್ಣು ಹೋಗೈತೆ ಅಂತಾನೇ ಅಲ್ವಾ? ಮೆಡಿಕಲ್ ಶಾಪಲ್ಲಿ ನೀನು ಹನಿ ತಗೊಳ್ಳೋದನ್ನ ಪಕ್ಕದ್ಮನೆ ಮುದ್ದಕ್ಕ ಕಂಡಿದ್ಲು. ಕೇರಿಗೆಲ್ಲಾ ಗೊತ್ತು. ಯಾರೂ ನಿನ್ನ ಮುಂದೆ ಎತ್ತಬಾರ್ದು ಅಂತ ಮಾತಾಡ್ಕೊಂಡಿದ್ವಿ."

ಜಯದೇವಪ್ಪ ಪೆಟ್ಟಿಗೆಯನ್ನು ಹೊಸ್ತಿಲ ಮೇಲೆ ಇಟ್ಟ. ತಾನು ಬಚ್ಚಿಟ್ಟುಕೊಂಡಿದ್ದನ್ನು ಊರೇ ತನ್ನಿಂದ ಬಚ್ಚಿಟ್ಟಿತ್ತು. ಯಾರ ಯಾರ ಮಗ್ಗದ ಮುಂದೆ ನಿಂತು ಕೊಂಕು ತೆಗೆದಿದ್ದನೋ, ಆ ಕೇರಿಯೇ ಕನಿಕರದಿಂದ ಬಾಯಿ ಕಟ್ಟಿಕೊಂಡಿತ್ತು.

"ಕಣ್ಣು ಸರಿಯಾಗೈತೆ ಯರ್ರಮ್ಮ. ಕೆಟ್ಟಿದ್ದು ಕಂಪ್ಯೂಟರು. ಚಳ್ಳಕೆರೆಯಲ್ಲಿ ಬಿಚ್ಚಿ ನೋಡಿದ್ರು. ಒಳಗೆ ಕಾರ್ಡು ಬೆಂದುಹೋಗಿತ್ತು."

"ಹೌದಾ ಅಣ್ಣಾ" ಎಂದಳು ಯರ್ರಮ್ಮ, ಅಳುವ ಮಗುವಿಗೆ ಹೂಂಗುಟ್ಟುವ ದನಿಯಲ್ಲಿ. "ಹಂಗೇ ಇರ್ತೈತೆ ಬಿಡು. ಕೂತ್ಕೋ, ನೀರು ತರ್ತೀನಿ."

ಅವಳು ನಂಬಿರಲಿಲ್ಲ. ಇನ್ನು ಯಾರೂ ನಂಬುವುದಿಲ್ಲ ಎಂದು ಜಯದೇವಪ್ಪನಿಗೆ ಆ ಗಳಿಗೆಯಲ್ಲಿ ಖಾತ್ರಿಯಾಯಿತು. ತ್ರಿವೇಣಿಯ ಫೋಟೋ ತೋರಿಸಿದರೂ, ಸುಟ್ಟ ಕಾರ್ಡು ತಂದು ಕೈಗೆ ಕೊಟ್ಟರೂ, ಇವರು "ಹೌದಾ ಅಣ್ಣಾ" ಎನ್ನುತ್ತಾರೆ. ಅವನು ಬಾಗಿಲಲ್ಲಿ ನಿಂತೇ ಬಟ್ಟೆಯ ಕಡೆ ಕಣ್ಣು ಹಾಯಿಸಿದ. ನಲವತ್ತಾರು ವರ್ಷದ ಅಭ್ಯಾಸ, ಬಾಯಿ ತನ್ನಷ್ಟಕ್ಕೆ ತಾನೇ ಆಡಿಬಿಟ್ಟಿತು.

"ಐದನೇ ಸಾಲಲ್ಲಿ ನಾಲ್ಕನೇ ಗಿಣಿ. ಕಣ್ಣು ಒಂದು ಎಳೆ ಕೆಳಗೆ ಬಂದೈತೆ."

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡ. ತನ್ನ ತಪ್ಪನ್ನು ಮುಚ್ಚಲು ಬೆರಳು ಸವೆಸಿದವಳಿಗೆ ಇದೇನಾ ಉಡುಗೊರೆ?

ಒಳಗೆ ಹೊರಟಿದ್ದ ಯರ್ರಮ್ಮ ಗಕ್ಕನೆ ನಿಂತಳು. ಮಗ್ಗದ ಹತ್ತಿರ ಬಂದು, ಐದನೇ ಸಾಲು ಹುಡುಕಿ, ಮೂಗು ಬಟ್ಟೆಗೆ ತಾಗುವಷ್ಟು ಬಗ್ಗಿ, ಸೂಜಿಯ ಮೊನೆಯಿಂದ ಎಳೆ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಬಾಗಿಲಿಂದ ಮಗ್ಗಕ್ಕೆ ಎಷ್ಟು ದೂರ ಎಂದು ಹಿಂತಿರುಗಿ ನೋಡಿದಳು. ಕೈ ಬಾಯಿಗೆ ಹೋಯಿತು.

"ಅಯ್ಯೋ ರಾಮಾ!" ಎಂದವಳೇ ಅವನನ್ನು ದಾಟಿಕೊಂಡು ಬೀದಿಗೆ ಓಡಿದಳು. "ಮುದ್ದಕ್ಕಾ! ಏ ಮುದ್ದಕ್ಕಾ! ಅಣ್ಣನ ಕಣ್ಣು ಹೋಗಿಲ್ವೇ! ಬಾಗಿಲಲ್ಲಿ ನಿಂತ್ಕೊಂಡೇ ಒಂದು ಎಳೆ ಹಿಡಿದ ಕಣೇ!"

ಕೇರಿಯ ಮಗ್ಗಗಳು ಒಂದೊಂದಾಗಿ ನಿಂತು ಬಾಗಿಲುಗಳಲ್ಲಿ ಮುಖಗಳು ಕಂಡವು. ಯರ್ರಮ್ಮ ಕಣ್ಣೊರೆಸಿಕೊಳ್ಳುತ್ತ, ನಗುತ್ತ ಒಳಗೆ ಬಂದು, "ಎರಡೇ ಗಳಿಗೆ ಕೂತ್ಕೋ ಅಣ್ಣಾ, ಸೂಜಿ ಹಾಕಿ ಸರಿ ಮಾಡ್ತೀನಿ" ಎಂದು ಆ ಗಿಣಿಗೆ ಕೈಹಾಕಿದಳು.

ಜಯದೇವಪ್ಪ ಅವಳ ಕೈ ತಡೆದ.

"ಬ್ಯಾಡ. ಅದು ಹಂಗೇ ಇರ್ಲಿ."

ಅವನು ಕಂಡ ತಪ್ಪೊಂದನ್ನು ತಿದ್ದದೆ ಬಿಟ್ಟದ್ದು ಅದೇ ಮೊದಲು.