ಹೀಟರ್ ಒಂದೇ, ವ್ಯಾಟ್ ಎರಡು

ಹೋದ ಭಾನುವಾರ ಬೆಳಿಗ್ಗೆ ನಾಗಪುರದ ನಮ್ಮ ರೈಲ್ವೆ ಕ್ವಾರ್ಟರ್ಸ್ ಮುಂದೆ ಹನ್ನೆರಡು ಸೈಕಲ್ಲುಗಳು ಬಂದು ನಿಂತವು. ಬಾಗಿಲು ತೆಗೆದೆ. ಕಾಲೇಜು ಹುಡುಗ ಹುಡುಗಿಯರು. ಮುಂದಿದ್ದ ಹುಡುಗಿಯ ಕೈಯಲ್ಲಿ ಈ ಊರಿನ ಕಿತ್ತಳೆಹಣ್ಣಿನ ಸಿಹಿ, ಸಂತ್ರಾ ಬರ್ಫಿಯ ಡಬ್ಬಿ.

"ಶಾರದಾ ಮ್ಯಾಡಮ್ ಹೈ ಕ್ಯಾ?"

ಮ್ಯಾಡಮ್? ನನ್ನ ಹೆಂಡತಿಯನ್ನು ಈ ಊರಿನಲ್ಲಿ ಯಾರಾದರೂ ಹಾಗೆ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವಳು ಜೂನಿಯರ್ ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಅಟೆಂಡೆಂಟ್. ಮೇಜು ಒರೆಸುವುದು, ವೈರು ಜೋಡಿಸಿಡುವುದು, ಸಂಜೆ ಮೀಟರುಗಳನ್ನು ಎಣಿಸಿ ಕಪಾಟಿಗೆ ಸೇರಿಸುವುದು. ಓದಿದ್ದು ಗದಗಿನಲ್ಲಿ, ಎಸ್ಸೆಸ್ಸೆಲ್ಸಿ. ಒಂಬತ್ತು ವರ್ಷವಾದರೂ ಕೆಲಸ ಖಾಯಂ ಆಗಿಲ್ಲ. (ಒಪ್ಪಿಕೊಂಡುಬಿಡುತ್ತೇನೆ. ಆಫೀಸಿನಲ್ಲಿ ಯಾರಾದರೂ ಕೇಳಿದರೆ "ನಮ್ಮನೆಯವರು ಕಾಲೇಜಿನಲ್ಲಿದ್ದಾರೆ" ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದೆ. ಲೆಕ್ಚರರ್ ಅಂದುಕೊಂಡರೆ ಅಂದುಕೊಳ್ಳಲಿ ಎಂದು.)

ಶಾರದಾ ಕಿರಾಣಿ ಅಂಗಡಿಗೆ ಹೋಗಿದ್ದಳು. ಮಕ್ಕಳನ್ನು ಒಳಗೆ ಕೂರಿಸಿದೆ. ಬರ್ಫಿ ಯಾಕೆ ಎಂದು ಕೇಳಿದೆ. ಡಬ್ಬಿ ತಂದ ಹುಡುಗಿ ವೈಶಾಲಿ ಬಾಯಿ ಬಿಟ್ಟು ನನ್ನನ್ನೇ ನೋಡಿದಳು. "ಮ್ಯಾಡಮ್ ನಿಮಗೆ ಹೇಳಲೇ ಇಲ್ಲವಾ ಅಂಕಲ್?"

ಇಲ್ಲ. ಮೂರು ದಿನ ನನ್ನ ಜೊತೆಗೇ ಕೂತು ಊಟ ಮಾಡಿದ್ದಾಳೆ, ಒಂದು ಮಾತು ಹೇಳಿಲ್ಲ.

ನಡೆದದ್ದು ಇಷ್ಟು. ಗುರುವಾರ ಪ್ರಾಕ್ಟಿಕಲ್ ಪರೀಕ್ಷೆ. ಪ್ರಯೋಗ ಸರಳ. ಹೀಟರಿಗೆ ಕರೆಂಟು ಕೊಡಬೇಕು. ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಎಂದು ಮೀಟರ್ ನೋಡಿ ಬರೆದುಕೊಳ್ಳಬೇಕು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಹೀಟರಿನ ರೋಧ, ಅಂದರೆ ರೆಸಿಸ್ಟೆನ್ಸ್. ಎರಡನ್ನೂ ಗುಣಿಸಿದರೆ ಪವರ್. ಲಾಗ್ ಟೇಬಲ್ ಕೂಡ ಬೇಕಿಲ್ಲ.

ಬೆಳಗಿನ ಬ್ಯಾಚಿಗೆ 230 ವೋಲ್ಟ್, 4.4 ಆಂಪಿಯರ್ ಬಂತು. ಪವರ್ 1012 ವ್ಯಾಟ್. ಹೀಟರಿನ ಮೇಲೂ 1000 ವ್ಯಾಟ್ ಎಂದೇ ಅಚ್ಚಾಗಿತ್ತು. ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರಿಗೆ ಸಮಾಧಾನ.

ಮಧ್ಯಾಹ್ನ ಈ ಹನ್ನೆರಡು ಜನರ ಸರದಿ. ಹನ್ನೆರಡೂ ಪೇಪರಿನಲ್ಲಿ ಉತ್ತರ 760!

ಪರೀಕ್ಷಕರು ಕೊನೆಯ ಸಾಲು ಮಾತ್ರ ನೋಡುತ್ತ ಹೋದವರು ಪೆನ್ನು ಕೆಳಗಿಟ್ಟರು. ಹೀಟರ್ ಅದೇ, ಉತ್ತರ ಬೇರೆ, ಅದೂ ಎಲ್ಲರದೂ ಒಂದೇ ತಪ್ಪು. ಒಬ್ಬ ತಪ್ಪು ಮಾಡಿದ, ಹನ್ನೊಂದು ಜನ ಕಾಪಿ ಹೊಡೆದರು ಎಂದು ತೀರ್ಮಾನಿಸಿ, ಎಲ್ಲರನ್ನೂ ಹೊರಗೆ ಕಳಿಸಿ, ಕಾಪಿ ಕೇಸಿನ ಫಾರಮ್ಮು ತೆಗೆದರು. ಕಾಲೇಜಿನ ಲೆಕ್ಚರರು ಊಟಕ್ಕೆ ಹೋಗಿದ್ದರು. ಲ್ಯಾಬಿನಲ್ಲಿ ಉಳಿದವಳು ಶಾರದಾ ಒಬ್ಬಳೇ.

ಕಾಪಿ ಕೇಸ್ ಅಂದರೆ ಒಂದು ವರ್ಷ ಹೋಯಿತು. ವೈಶಾಲಿಗೆ ಎಂಜಿನಿಯರಿಂಗ್ ಸೇರುವ ಆಸೆ. ಅವಳು ವರಾಂಡದ ಕಿಟಕಿಯ ಸರಳು ಹಿಡಿದು ಅಳುತ್ತ ನಿಂತಿದ್ದಳಂತೆ. ಒಳಗಿನ ಮಾತೆಲ್ಲ ಕೇಳುತ್ತಿತ್ತು.

"ಸರ್, ಪೇಪರಿನಲ್ಲಿ ಮೇಲಿನ ಸಾಲುಗಳನ್ನೂ ನೋಡಿ," ಅಂದಳಂತೆ ಶಾರದಾ, ಹಿಂದಿಯಲ್ಲಿ.

"ನೀವು ನಿಮ್ಮ ಕೆಲಸ ನೋಡಿಕೊಳ್ಳಿ, ಬಾಯಿ." (ಇಲ್ಲಿ ಕೆಲಸದ ಹೆಂಗಸರನ್ನು ಕರೆಯುವುದೇ ಹಾಗೆ.)

"ಮೀಟರ್ ನೋಡಿಕೊಳ್ಳೋದೇ ನನ್ನ ಕೆಲಸ ಸರ್. ಬೆಳಿಗ್ಗೆ 230 ವೋಲ್ಟ್ ಇತ್ತು. ಈಗ ಬಿಸಿಲೇರಿದೆ, ಊರಿನ ಕೂಲರೆಲ್ಲ ಶುರುವಾಗಿವೆ. ವೋಲ್ಟೇಜು 200ಕ್ಕೆ ಇಳಿದಿದೆ. ಕರೆಂಟೂ 3.8ಕ್ಕೆ ಇಳಿದಿದೆ. ಗುಣಿಸಿದರೆ 760."

"ಹೀಟರ್ ಮೇಲೆ 1000 ಅಂತ ಬರೆದಿದೆ."

"ಅದರ ಪಕ್ಕದಲ್ಲೇ 230 ವೋಲ್ಟ್ ಅಂತಾನೂ ಬರೆದಿದೆ ಸರ್. ಭಾಗಿಸಿ ನೋಡಿ. ಬೆಳಿಗ್ಗೆಯೂ ರೋಧ ಐವತ್ತೆರಡು ಚಿಲ್ಲರೆ ಓಮ್, ಈಗಲೂ ಐವತ್ತೆರಡು ಚಿಲ್ಲರೆ. ಹೀಟರ್ ಬದಲಾಗಿಲ್ಲ. ಮಕ್ಕಳು ಕಂಡದ್ದನ್ನೇ ಬರೆದಿದ್ದಾರೆ."

ಯೋಚಿಸಿ. ಪರೀಕ್ಷಕರು ಪ್ರಿನ್ಸಿಪಾಲರಿಗೆ ಒಂದು ಚೀಟಿ ಬರೆದಿದ್ದರೆ ಸಾಕಿತ್ತು, ಶುಕ್ರವಾರದಿಂದ ಅವಳು ಮನೆಯಲ್ಲಿ. ಅದು ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು.

"ಮೀಟರು ಜೋಡಿಸೇ ಇದೆ. ನೀವೇ ಒಮ್ಮೆ ನೋಡಿಬಿಡಿ," ಎಂದು ಪಕ್ಕಕ್ಕೆ ಸರಿದು ನಿಂತಳಂತೆ.

ಅವರು ಸ್ವಿಚ್ ಹಾಕಿದರು. 200. 3.8. ತಾವೇ ಕಾಗದದ ಮೇಲೆ ಗುಣಿಸಿದರು. ಬೆಳಗಿನ ಪೇಪರುಗಳನ್ನು ತೆಗೆದು ರೋಧದ ಸಾಲು ನೋಡಿದರು. ಆಮೇಲೆ ಫಾರಮ್ಮನ್ನು ಹರಿದು ಹಾಕಿ, ವರಾಂಡಕ್ಕೆ ಬಂದು, ಹನ್ನೆರಡು ಜನರ ಎದುರಿಗೆ ಹೇಳಿದರು: "ನಿಮ್ಮ ರೀಡಿಂಗ್ ಬರೋಬರ್ ಇದೆ. ತಪ್ಪು ನನ್ನದು. ಥ್ಯಾಂಕ್ಸ್ ಹೇಳೋದಿದ್ದರೆ ಈ ಮ್ಯಾಡಮ್‌ಗೆ ಹೇಳಿ."

(ಆ ಮನುಷ್ಯನೂ ದೊಡ್ಡವನೇ. ಮಕ್ಕಳ ಮುಂದೆ ನಿಂತು ತಪ್ಪು ನನ್ನದು ಎನ್ನುವ ಮೇಷ್ಟರು ಎಷ್ಟು ಜನ ಸಿಗುತ್ತಾರೆ?)

ಇದೆಲ್ಲ ನಿಮಗೆ ಯಾರು ಕಲಿಸಿದರು ಎಂದು ಅವರು ಕೇಳಿದ್ದಕ್ಕೆ ಶಾರದಾ ಹೇಳಿದ್ದು, "ಒಂಬತ್ತು ವರ್ಷ ಇಲ್ಲೇ ಮೇಜು ಒರೆಸಿದ್ದೇನೆ ಸರ್. ಕಿವಿ ಮುಚ್ಚಿಕೊಂಡಿರಲಿಲ್ಲ."

ವೈಶಾಲಿ ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಅವಳೇ ಕಿರಾಣಿ ಚೀಲ ಹಿಡಿದು ಬಂದಳು. ಹನ್ನೆರಡೂ ಜನ ಎದ್ದು ನಿಂತರು. ಅವರ ಜೊತೆ ನಾನೂ ಎದ್ದು ನಿಂತಿದ್ದೆ. ಗೊತ್ತೇ ಆಗಲಿಲ್ಲ.

ಚಹಾ ಕುಡಿದು ಮಕ್ಕಳು ಹೋದ ಮೇಲೆ ಕೇಳಿದೆ, "ನನಗ್ಯಾಕ ಹೇಳಲಿಲ್ಲ ನೀ?"

"ಹೇಳೂದೇನೈತ್ರಿ ಅದರಾಗ? ಲೆಕ್ಕ ಬರೋಬರ್ ಇತ್ತು, ಬರೋಬರ್ ಐತಿ ಅಂದೆ."

"ಕೆಲಸ ಹೋಗಿದ್ರ?"

"ಹನ್ನೆರಡು ಮಕ್ಕಳ ವರ್ಷ ಹೋಗ್ತಿತ್ತಲ್ರಿ," ಅಂದು ಕಪ್ಪುಗಳನ್ನು ಒಳಗೆ ತೆಗೆದುಕೊಂಡು ಹೋದಳು.

ಸೋಮವಾರ ಆಫೀಸಿನಲ್ಲಿ ಯಾರೂ ಕೇಳದಿದ್ದರೂ ನಾನೇ ಹೇಳಿದೆ. ನನ್ನ ಹೆಂಡತಿ ಲ್ಯಾಬ್ ಅಟೆಂಡೆಂಟ್ ಎಂದು ಶುರು ಮಾಡಿ, 760 ವ್ಯಾಟಿನವರೆಗೆ. ಟೀ ಸಮಯದಲ್ಲಿ ಇನ್ನೊಮ್ಮೆ, ಅರ್ಧ ದಿನ ರಜೆ ಹಾಕಿ ಮಧ್ಯಾಹ್ನ ಬಂದವರಿಗೆ ಮತ್ತೊಮ್ಮೆ.

ಸಂಜೆ ಮನೆಗೆ ಬಂದು, ನನಗೂ ಆ ಲೆಕ್ಕ ಕಲಿಸು ಎಂದೆ. ಅವಳು ಹಳೆಯ ಕ್ಯಾಲೆಂಡರಿನ ಹಿಂದೆ ಬರೆದುಕೊಟ್ಟಳು: 200 ವೋಲ್ಟ್, 2 ಆಂಪಿಯರ್. ರೋಧ ಎಷ್ಟು?

"ನೂರು," ಎಂದೆ, ಧೈರ್ಯವಾಗಿ.

"ನೂರು ಏನು, ಬದನಿಕಾಯಿ ಏನ್ರಿ? ಓಮ್ ಅನಬೇಕು. ಅರ್ಧ ಮಾರ್ಕು ಕಟ್."