ಏಳು ಎಣಿಸಿದ ಬೆಳಗು

ನಿನ್ನೆ ಬೈಲಹೊಂಗಲದ ನಮ್ಮ ಓಣಿಯಲ್ಲಿ ಮದುವೆ. ಗರ್ನಾಲು ಹಾರಿಸಿದರು. ಮದ್ದಿನ ವಾಸನೆ ಕಿಟಕಿಯಿಂದ ಒಳಬಂದಿದ್ದೇ ತಡ, ಮೆರವಣಿಗೆ ನೋಡಲು ಹೊರಟ ಹೆಂಡತಿಯ ಕೈ ಹಿಡಿದು ನಿಲ್ಲಿಸಿಬಿಟ್ಟೆ. “ಮತ್ತ ಶುರು ಆತು ನೋಡ್ರಿ ನಿಮ್ಮದು” ಎಂದು ಅವಳು ಕೈ ಬಿಡಿಸಿಕೊಂಡು ಹೋದಳು. ನೀವಾದರೂ ಕುಳಿತು ಕೇಳಿ.

ಎಪ್ಪತ್ತರ ದಶಕ. ಗಣಿತದಲ್ಲಿ ಬಿ.ಎಸ್ಸಿ. ಮುಗಿಸಿ, ಶಾಲೆಯಲ್ಲಿ ಮಾಸ್ತರಿಕೆ ಸಿಗುವ ತನಕ ಇರಲಿ ಎಂದು ನವಿಲುತೀರ್ಥದ ಕೆಳಗೆ ಕಾಲುವೆ ಕೆಲಸದಲ್ಲಿ ಗುಮಾಸ್ತನಾಗಿದ್ದೆ. ಬಂಡೆಯಲ್ಲಿ ಕೊರೆದ ಕುಳಿಗಳಿಗೆ ಮದ್ದು ತುಂಬಿ ಒಡೆಯುವಾಗ ಸದ್ದು ಎಣಿಸಿ, ಎಲ್ಲ ಕುಳಿ ಸಿಡಿದ ಮೇಲೆ ಹಸಿರು ಬಾವುಟ ಎತ್ತುವುದೂ ನನ್ನದೇ ಕೆಲಸ. ಬತ್ತಿ ಹಚ್ಚುವವನು ಬಸಲಿಂಗಪ್ಪ. ಮುನವಳ್ಳಿಯ ಭಜನೆ ಮೇಳದಲ್ಲಿ ತಬಲಾ ಬಾರಿಸುವವನು. ಏಳು ಕುಳಿಗೆ ಒಂದೇ ಅಳತೆಯ ಬತ್ತಿ ಕತ್ತರಿಸಿ, ಬಾಯಲ್ಲಿ ಏಳು ಮಾತ್ರೆಯ ರೂಪಕ ತಾಳ ಗುನುಗುತ್ತ, ಸಮನಾದ ಹೆಜ್ಜೆಯಲ್ಲಿ ಒಂದೊಂದಾಗಿ ಹಚ್ಚಿ ಬರುತ್ತಿದ್ದ. ಸಿಡಿತಗಳೂ ಅದೇ ಲಯದಲ್ಲಿ ಬರುತ್ತಿದ್ದವು. ಏಳು ಎಣಿಸಲು ತಾಳ ಯಾಕೆ ಬೇಕು ಎಂದು ನಾನು ನಗುತ್ತಿದ್ದೆ. ಪದವೀಧರನಲ್ಲವೇ.

ಅಂದು ಬೆಳಿಗ್ಗೆ ಏಳು ಎಣಿಸಿದೆ, ಬಾವುಟ ಎತ್ತಿದೆ. ಕಲ್ಲು ಆರಿಸುವ ಹೆಂಗಸರು ಬುಟ್ಟಿ ಹೊತ್ತು ಇಳಿಯತೊಡಗಿದರು. ಎಲ್ಲರಿಗೂ ಮುಂದೆ, ನೇಸರಗಿಯಿಂದ ಬಂದಿದ್ದ ಶಾಂತವ್ವ. ಬಸಲಿಂಗಪ್ಪ ಓಡಿಹೋಗಿ ಅವಳೆದುರು ಎರಡೂ ಕೈ ಚಾಚಿ ನಿಂತ. ನಾನು ಸಿಟ್ಟಿನಿಂದ ಬೆನ್ನಟ್ಟಿ ಬಂದು, ಏಳೂ ಆಗಿವೆ ಎಂದೆ.

“ಏಳು ಖರೇರಿ ಸಾಹೇಬ್ರ. ಆದ್ರ ಒಂದು ನಮ್ಮದಲ್ಲ. ಐದಾದ ಮ್ಯಾಲ ಬಿದ್ದದ್ದು ಹೊಳಿ ಆಚಿ ದಂಡಿ ಕಲ್ಲಿನ ಕ್ವಾರಿದು, ತಾಳಕ್ಕಿಂತ ಅರ್ಧ ಮಾತ್ರಾ ಮೊದಲ ಬಿತ್ತು. ನಮ್ಮ ಆರನೇದು ಇನ್ನಾ ಬಂದಿಲ್ಲ.”

ಶಾಂತವ್ವ ಬುಟ್ಟಿ ಇಳಿಸಿ, “ನಿಮ್ಮ ಜಗಳಾ ಮುಗಿದ ಮ್ಯಾಲ ಕರೀರಿ, ಅಲ್ಲೀತನಾ ಎಲಿ ಹಾಕ್ಕೋತೇವಿ” ಎಂದು ಸಂಚಿ ಬಿಚ್ಚಿದಳು.

ಅವಳು ಎಲೆಗೆ ಸುಣ್ಣ ಸವರುತ್ತಿದ್ದಾಗ ಆರನೇ ಕುಳಿ ಸಿಡಿಯಿತು. ನಾವಿದ್ದಲ್ಲಿಗೆ ಬರೀ ಮಣ್ಣು, ಹರಳು ಬಂದವು. ಕೆಳಗೆ, ಅವರು ಇಳಿಯಬೇಕಿದ್ದ ದಾರಿಯೇ ಇರಲಿಲ್ಲ. ನನ್ನ ಕೈಯಲ್ಲಿ ಬಾವುಟ ಇನ್ನೂ ಎತ್ತಿದಂತೆಯೇ ಇತ್ತು. ಬಸಲಿಂಗಪ್ಪ ಅದನ್ನು ಮೆಲ್ಲಗೆ ಕೆಳಗಿಳಿಸಿದ.

ಆಮೇಲೆ ಸವದತ್ತಿಯಲ್ಲಿ, ರಾಮದುರ್ಗದಲ್ಲಿ ವರ್ಷಗಟ್ಟಲೆ ಗಣಿತ ಕಲಿಸಿದೆ. ಉತ್ತರ ಸರಿಯಿದ್ದರೂ ನಡುವಿನ ಹಂತದ ಮೇಲೆ ಬೆರಳಿಟ್ಟು ಇದು ಎಲ್ಲಿಂದ ಬಂತು ಎಂದು ಕೇಳುತ್ತಿದ್ದೆ. ಮಕ್ಕಳು ನನ್ನನ್ನು ಪೀಡೆ ಎಂದುಕೊಂಡರು. ಸಂಗೀತ, ಗಣಿತ ಎರಡೂ ಒಂದೇ ಎಂದು ಯಾರಾದರೂ ವೇದಿಕೆಯಲ್ಲಿ ಹಗುರವಾಗಿ ಹೇಳಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ.

ಇಷ್ಟು ಹೇಳಿದರೆ ಎದೆ ಹಗುರಾದೀತು ಎಂದುಕೊಂಡಿದ್ದೆ. ಆಗಲಿಲ್ಲ. ಕಣ್ಣು ಮುಚ್ಚಿದರೆ ಎಲ್ಲವೂ ಮತ್ತೆ ನಡೆಯುತ್ತದೆ. ಕೆಲವು ಸಲ ಬಸಲಿಂಗಪ್ಪ ಓಡಿ ಬರುವುದು ತಡವಾಗುತ್ತದೆ.